ಮಡಗಿದ ತಮಟೆ, ಕಟ್ಟಿದ ಮೇಳ

ಹೋರಾಟದ ಹಾಡುಗಳ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ರೂಢಿಯಲ್ಲಿವೆ. ಚಳವಳಿಯ ಗೆಳೆಯರಿಗೆ ಹಾಡೆಂದರೆ ಭಾಷಣಕ್ಕೆ ಮುಂಚೆ ಜನ ಸೇರಿಸುವ ಉಪಾಯ. ಜನ ಕೂತ ಮೇಲೆ ಮೈಕು ಮುಖಂಡರ ಕೈಗೆ ಹೋಗುತ್ತದೆ, ಹಾಡಿದವರು ವೇದಿಕೆ ಹಿಂದೆ ಟೀ ಕುಡಿಯಲು ಹೋಗುತ್ತಾರೆ. ವಿಮರ್ಶಕರಿಗೆ ಅದು ಘೋಷಣೆ. 'ಬಂಡಾಯದ ಕಾಲದ ಅಬ್ಬರ' ಅಂತ ಒಂದು ಸಾಲು ಬರೆದು ಮುಂದಕ್ಕೆ ಹೋಗಬಹುದಾದ ಸಂಗತಿ. ಇವೆರಡರಲ್ಲೂ ಹಾಡಿದವರ ಮೈ ಕಾಣುವುದಿಲ್ಲ. ಯಾರು ನಿಂತು ಹಾಡಿದರು, ಪಕ್ಕದಲ್ಲಿ ಯಾರಿದ್ದರು, ಕೈಯಲ್ಲಿ ಯಾವ ವಾದ್ಯವಿತ್ತು, ಹಾಡಲಿಕ್ಕೆ ಅವರನ್ನು ಕರೆಸಿದವರು ಯಾರು? ಇದನ್ನು ಕೇಳದೆ ದಲಿತ ರಂಗಭೂಮಿಯ ಹಾಡಿನ ವಿಮರ್ಶೆ ಆಗುವುದಿಲ್ಲ ಅಂತ ನನಗೆ ಅನ್ನಿಸತೊಡಗಿದ್ದು ಒಂದು ಜಗಳದಿಂದ. ಜಗಳವನ್ನೇ ಮೊದಲು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ, ನಾನು ಪಾಠ ಮಾಡುವ ಕಾಲೇಜಿನಲ್ಲಿ ಅಂಬೇಡ್ಕರ್ ಜಯಂತಿಗೆಂದು ಹದಿನಾಲ್ಕು ಹುಡುಗ ಹುಡುಗಿಯರು ಸೇರಿ ಹಾಡಿನ ನಾಟಕವೊಂದನ್ನು ಕಟ್ಟಿದರು. ಅದರಲ್ಲಿ ನಾಯಕ ಅಂತ ಯಾರೂ ಇಲ್ಲ, ಎಲ್ಲರೂ ಮೇಳ. 1927ರ ಮಹಾಡದ ಕೆರೆ, 1977ರ ಬೆಲ್ಚಿ, 2000ದ ಕಂಬಾಲಪಲ್ಲಿ, ಹೀಗೆ ಒಂದರಿಂದ ಇನ್ನೊಂದಕ್ಕೆ ಹಾಡಿನ ಮೂಲಕ ದಾಟುವುದು. ದಾಟಲಿಕ್ಕೆ ತಮಟೆ ಬೇಕಿತ್ತು. ಒಕ್ಕಲಿಗರ ಹುಡುಗನೊಬ್ಬ ತಾನು ಬಾರಿಸುತ್ತೇನೆ ಅಂತ ಬಂದ. ಮೊಬೈಲಿನಲ್ಲಿ ನೋಡಿ ಕಲಿತಿದ್ದ, ಕೈಯೂ ಚೆನ್ನಾಗಿತ್ತು. ಆದರೆ ಹುಟ್ಟಿದಾಗಿನಿಂದ ಆ ನುಡಿತ ಕಿವಿಯಲ್ಲಿಟ್ಟುಕೊಂಡಿದ್ದ ನಮ್ಮ ಕೇರಿಯ ಕಡೆಯ ಹುಡುಗ ಮಾತ್ರ ತಮಟೆ ಮುಟ್ಟಲಿಲ್ಲ. ಹಾಡುತ್ತಿದ್ದ, ಕುಣಿಯುತ್ತಿದ್ದ, ತಮಟೆ ಹತ್ತಿರ ಬಂದರೆ ಸರಿದು ನಿಲ್ಲುತ್ತಿದ್ದ. ನಾನು ಬಿಡಲಿಲ್ಲ. 'ನಮ್ಮ ಕಲೆ ಕಣಯ್ಯ, ನಾಚಿಕೆ ಯಾಕೆ?' ಅಂತ ಒತ್ತಾಯ ಮಾಡಿದೆ. ಮೇಷ್ಟ್ರ ಮಾತು ಮೀರಲಾರದೆ ಅವನೂ ಕಟ್ಟಿಕೊಂಡ. ಇಬ್ಬರೂ ಎದುರುಬದುರು ನಿಂತು ಬಾರಿಸಿದಾಗ ಸಭೆ ಎದ್ದು ನಿಂತಿತು. ಜಾತಿ ಒಡೆದುಹೋಯಿತು ಅಂತ ನಾನು ಹಿಗ್ಗಿದೆ.

ಆ ಹುಡುಗನ ಅಪ್ಪ ನಾಟಕ ನೋಡಲು ಬಂದಿದ್ದರು. ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ಕೂಗಾಡಲಿಲ್ಲ. 'ಮೇಷ್ಟ್ರೇ, ನಾವು ತಮಟೆ ಮಡಗಿ ಇಪ್ಪತ್ತು ವರ್ಸ ಆಯ್ತು. ಮಡಗಿದ್ದಕ್ಕೆ ಊರೋರು ನಮಗೆ ಅಂಗ್ಡೀಲಿ ಸಾಮಾನು ಕೊಡ್ನಿಲ್ಲ, ಕೂಲಿಗೆ ಕರೀನಿಲ್ಲ. ಅದ್ನ ತಡಕೊಂಡು ಇವನ್ನ ಓದಕ್ಕೆ ಕಳಿಸಿದ್ದು. ನೀವು ತಿರುಗ ಅದ್ನೇ ಇವನ ಕುತ್ತಿಗೆಗೆ ಕಟ್ಟಿದಿರಲ್ಲ' ಅಂದರು. 'ಇದು ಊರ ಯಜಮಾನರಿಗೆ ಬಾರಿಸಿದ್ದಲ್ಲ ಅಪ್ಪಾರೇ, ಅಂಬೇಡ್ಕರಿಗೆ' ಅಂತೇನೋ ಹೇಳಹೋದೆ. 'ಮುಂದುಗಡೆ ಕೂತಿದ್ದೋರು ಅವರೇ ತಾನೇ?' ಅಂದರು. ಮುಂದಿನ ಸಾಲಿನಲ್ಲಿ ಕೂತು ಶಿಳ್ಳೆ ಹಾಕಿದವರಲ್ಲಿ ಅವರ ಊರಿನ ಜಮೀನುದಾರರ ಮಕ್ಕಳೂ ಇದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮನೆಯಲ್ಲಿ ತಮಟೆ ಬಿಟ್ಟದ್ದು ತಾತನ ಕಾಲಕ್ಕೆ. ಬಿಟ್ಟಿದ್ದರ ಫಲ ನಾನು ಉಂಡಿದ್ದೆ, ಅದರ ಬೆಲೆ ನನ್ನ ಮೈಮೇಲೆ ಬಿದ್ದಿರಲಿಲ್ಲ.

ತಮಟೆ ಒಂದು ಮುಖದ ವಾದ್ಯ. ಮರದ ಇಲ್ಲವೆ ಕಬ್ಬಿಣದ ಬಳೆಗೆ ಚರ್ಮ ಬಿಗಿದು, ಬೆಂಕಿಗೆ ಹಿಡಿದು ಕಾಯಿಸಿ, ಎರಡು ಕಡ್ಡಿಯಲ್ಲಿ ನುಡಿಸುವಂಥದ್ದು. ಉತ್ತರದ ಕಡೆ ಹಲಗೆ ಅನ್ನುತ್ತಾರೆ. ಸತ್ತ ದನ ಎಳೆಯುವುದು, ಸುಲಿಯುವುದು, ಹದ ಮಾಡುವುದು, ಬಿಗಿಯುವುದು, ಬಾರಿಸುವುದು, ಇಷ್ಟೂ ಕೇರಿಯ ಪಾಲು. ಕೇಳುವುದು ಮಾತ್ರ ಊರಿನ ಪಾಲು. ಊರಿನಲ್ಲಿ ಸಾವಾದರೆ, ಜಾತ್ರೆಯಾದರೆ, ಪಂಚಾಯ್ತಿಯ ಸುದ್ದಿ ಸಾರಬೇಕಾದರೆ ಕೇರಿಗೆ ಆಳು ಬರುತ್ತಿದ್ದ. ಬರುವುದಿಲ್ಲ ಅನ್ನುವ ಹಾಗಿಲ್ಲ. ಮೆರವಣಿಗೆಯಲ್ಲಿ ದೇವರಿಗಿಂತ ಮುಂದೆ ತಮಟೆಯವನು ನಡೆಯಬೇಕು, ದೇವರು ಗುಡಿಯೊಳಗೆ ಹೋದಾಗ ಅವನು ಹೊರಗೆ ನಿಲ್ಲಬೇಕು. 1970ರ ದಶಕದ ನಡುವೆ ಬಿ. ಕೃಷ್ಣಪ್ಪನವರು ಮತ್ತು ಗೆಳೆಯರು ಕಟ್ಟಿದ ದಲಿತ ಸಂಘರ್ಷ ಸಮಿತಿ ಹಳ್ಳಿಹಳ್ಳಿಗೂ ಹೋಗಿ ಬಿಟ್ಟಿಚಾಕರಿ ಬಿಡಿ ಅಂದಾಗ, ಅದರಲ್ಲಿ ತಮಟೆಯೂ ಸೇರಿತ್ತು. ಬಿಟ್ಟವರಿಗೆ ಬಹಿಷ್ಕಾರ ಬಿತ್ತು. ಈಗಲೂ ಬೀಳುತ್ತದೆ, ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬಂದು ಹೋಗುತ್ತದೆ.

ಚಳವಳಿ ತಮಟೆ ಬಿಡಿ ಅಂದ ಕಾಲದಲ್ಲೇ ಚಳವಳಿಯ ಜಾಥಾಗಳ ಮುಂದೆ ತಮಟೆ ಬಡಿಯುತ್ತಿತ್ತು ಎಂಬುದು ಇಲ್ಲಿನ ತೊಡಕು. ಸಾವಿನ ಮನೆಗೆ ಬಡಿಯದ ಕೈ ಧರಣಿಗೆ ಬಡಿಯಿತು. ಇದನ್ನು ಇಬ್ಬಂದಿತನ ಅಂತ ಕರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆದರೆ ಯಾಕೆ ಅಲ್ಲ ಅನ್ನುವುದನ್ನು ಬಿಡಿಸಿ ಹೇಳಬೇಕಾದ ಹೊಣೆ ವಿಮರ್ಶೆಯದು.

ಅದೇ ದಶಕದ ಆರಂಭದಲ್ಲಿ ಕನ್ನಡದ ಆಧುನಿಕ ರಂಗಭೂಮಿ ಹಾಡನ್ನು ಹೊಸದಾಗಿ ಕಂಡುಕೊಂಡಿತ್ತು. ಕಾರ್ನಾಡರ 'ಹಯವದನ'ಕ್ಕೆ ಭಾಗವತ ಬಂದ, ಕಂಬಾರರ 'ಜೋಕುಮಾರಸ್ವಾಮಿ'ಯಲ್ಲಿ ಹಿಮ್ಮೇಳವೇ ಒಂದು ಪಾತ್ರವಾಯಿತು, ಬಿ.ವಿ. ಕಾರಂತರು ಶ್ರೀರಂಗರ 'ಸತ್ತವರ ನೆರಳು' ನಾಟಕವನ್ನು ದಾಸರ ಪದಗಳ ಮೇಳದಲ್ಲಿ ಎತ್ತಿ ನಿಲ್ಲಿಸಿದರು. ಇವು ಸಣ್ಣ ಸಾಧನೆಗಳಲ್ಲ. ಡ್ರಾಯಿಂಗ್ ರೂಮಿನ ಕುರ್ಚಿಯ ಮೇಲೆ ಕೂತು ಮಾತಾಡುತ್ತಿದ್ದ ನಾಟಕವನ್ನು ಎಬ್ಬಿಸಿ ನಿಲ್ಲಿಸಿದ್ದು ಈ ಹಾಡುಗಳೇ. ಆದರೂ ಅಲ್ಲಿ ಹಾಡು ಒಂದು ಆಕೃತಿಯ ಶೋಧ. ಜಾನಪದ ಅನ್ನುವ ಹೆಸರಿನಲ್ಲಿ ಬಂದದ್ದರ ಹಿಂದೆ ಯಾವ ಕೇರಿಯ ಗಂಟಲಿದೆ ಅನ್ನುವ ಪ್ರಶ್ನೆ ಆ ರಂಗಭೂಮಿಯನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದರೆ 'ಜೋಕುಮಾರಸ್ವಾಮಿ'ಯ ಬಸಣ್ಣ ಗೌಡನೆದುರು ಭೂಮಿಯ ಹಕ್ಕು ಕೇಳಿದ ಹಾಗೆಯೇ, ಹಿಮ್ಮೇಳವೂ ಸೂತ್ರಧಾರನೆದುರು ಏನಾದರೂ ಕೇಳುತ್ತಿತ್ತೇನೋ!

1975ರಲ್ಲಿ ಹುಟ್ಟಿದ 'ಸಮುದಾಯ' ಇದಕ್ಕಿಂತ ಮುಂದೆ ಹೋಯಿತು. ತನ್ನ ಹೆಸರಿನಲ್ಲೇ ಅದು ಒಂದು ಆಸೆಯನ್ನು ಇಟ್ಟುಕೊಂಡಿತ್ತು. 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿಯಲ್ಲಿ 11 ಮಂದಿಯನ್ನು ಕೊಂದು ಸುಟ್ಟರು, ಅವರಲ್ಲಿ 8 ಮಂದಿ ದಲಿತರು. ಅದನ್ನು ಸಿ.ಜಿ.ಕೆ. 'ಬೆಲ್ಚಿ' ಬೀದಿನಾಟಕ ಮಾಡಿದರು. 1979ರ ಜಾಥಾದಲ್ಲಿ 'ಸಮುದಾಯ' ಬೀದಿಗಳಲ್ಲಿ ನಿಂತು ಆಡಿತು, ಹಾಡಿತು. ಪರದೆ ಇಲ್ಲ, ದೀಪ ಇಲ್ಲ, ಟಿಕೆಟ್ಟಿಲ್ಲ. ಜನ ಸುತ್ತ ನಿಂತರೆ ಅದೇ ರಂಗ. ಮೇಳ ಅನ್ನುವುದಕ್ಕೆ ಕನ್ನಡ ರಂಗಭೂಮಿಯಲ್ಲಿ ರಾಜಕೀಯ ಅರ್ಥ ಹುಟ್ಟಿದ್ದು ಇಲ್ಲಿ. ಇದನ್ನು ಒಪ್ಪಿಕೊಂಡೇ ಒಂದು ಮಾತು ಕೇಳಬೇಕು. ಕೊಂದವರ ಪಾತ್ರ, ಸತ್ತವರ ಪಾತ್ರ ಎರಡನ್ನೂ ಒಂದೇ ಮೇಳ ಆಡುವಾಗ, ನಾಟಕ ಮುಗಿದ ಮೇಲೆ ಕೇರಿಗೆ ವಾಪಸು ಹೋಗಬೇಕಾದ ನಟ ಆ ಮೇಳದಲ್ಲಿ ಎಷ್ಟು ಜನ ಇದ್ದರು?

ಈ ಪ್ರಶ್ನೆ ಅತಿ ತೀಕ್ಷ್ಣವಾಗಿ ಬರುವುದು ಸಿದ್ಧಲಿಂಗಯ್ಯನವರ 'ನನ್ನ ಜನಗಳು' ಹಾಡಿನಲ್ಲಿ. 1975ರಲ್ಲಿ ಬಂದ 'ಹೊಲೆಮಾದಿಗರ ಹಾಡು' ಕನ್ನಡ ಕಾವ್ಯದ ಕಿವಿಯನ್ನೇ ಬದಲಿಸಿತು ಅನ್ನುವುದನ್ನು ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಾನು ನೋಡಬೇಕೆಂದಿರುವುದು ಆ ಶೀರ್ಷಿಕೆಯ ಮೊದಲ ಪದವನ್ನು ಮಾತ್ರ. 'ನನ್ನ' ಅನ್ನುವುದು ಒಬ್ಬನ ಮಾತು, 'ಜನಗಳು' ಅನ್ನುವುದು ಬಹುವಚನ. ಕವಿ ಅವರೊಳಗೂ ಇದ್ದಾನೆ, ಒಂದು ಹೆಜ್ಜೆ ಈಚೆ ನಿಂತು ಅವರನ್ನು ಎಣಿಸುತ್ತಲೂ ಇದ್ದಾನೆ. ಓದಿದ ಮೊದಲ ತಲೆಮಾರಿನ ನೋವೂ ಹೆಮ್ಮೆಯೂ ಆ ಒಂದು ಹೆಜ್ಜೆಯಲ್ಲಿದೆ. ಪುಸ್ತಕದಲ್ಲಿ ಇದು ಕವಿತೆ. ಇಪ್ಪತ್ತು ಜನ ಸೇರಿ ಹಾಡಿದಾಗ ಇಪ್ಪತ್ತು 'ನನ್ನ'ಗಳಾಗುತ್ತವೆ. ಎಲ್ಲರೂ ಎಲ್ಲರನ್ನೂ ತನ್ನವರೆಂದು ಕರೆಯುವ ಸ್ಥಿತಿ ಅದು. ಹಾಡು ಸಮುದಾಯವನ್ನು ವರ್ಣಿಸುವುದಿಲ್ಲ, ಹಾಡುತ್ತಿರುವಷ್ಟು ಹೊತ್ತು ಅದನ್ನು ಉಂಟುಮಾಡುತ್ತದೆ.

ಇದೇ ಹಾಡನ್ನು ರೈತರ ಸಭೆಯಲ್ಲಿ, ಎಡಪಕ್ಷಗಳ ವೇದಿಕೆಯಲ್ಲಿ, ವಿಶ್ವವಿದ್ಯಾಲಯದ ವಿಚಾರಸಂಕಿರಣದಲ್ಲಿ ದಲಿತರಲ್ಲದವರೂ ಹಾಡಿದ್ದಾರೆ, ಇವತ್ತೂ ಹಾಡುತ್ತಾರೆ. ಆಗ 'ನನ್ನ' ಅಂದರೆ ಏನು? ಇದು ಕಳ್ಳತನ ಅಂತ ಕೆಲವು ಗೆಳೆಯರು ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸಿದ್ಧಲಿಂಗಯ್ಯ ಅದನ್ನು ಬೀಗ ಹಾಕಿಟ್ಟುಕೊಳ್ಳಲು ಬರೆಯಲಿಲ್ಲ. ಆದರೆ ದಲಿತ ಹುಡುಗ 'ನನ್ನ' ಅಂದಾಗ ಅದು ಹುಟ್ಟಿನಿಂದ ಬಂದ, ತಪ್ಪಿಸಿಕೊಳ್ಳಲಾಗದ ಸಂಬಂಧ. ಮೇಲುಜಾತಿಯ ಗೆಳೆಯ 'ನನ್ನ' ಅಂದಾಗ ಅದು ಇನ್ನು ಮುಂದೆ ಗಳಿಸಬೇಕಾದ ಸಂಬಂಧ. ಮೊದಲನೆಯವನಿಗೆ ಹಾಡು ನೆನಪು, ಎರಡನೆಯವನಿಗೆ ಸಾಲ. ಸಾಲ ಅಂತ ತಿಳಿದು ಹಾಡುವವರನ್ನು ಕಂಡಿದ್ದೇನೆ, ಅವರ ದನಿಯಲ್ಲೇ ಗೊತ್ತಾಗುತ್ತದೆ. ಹಾಡಿ ಮುಗಿಸಿ, ಬೆವರು ಒರೆಸಿಕೊಂಡು, ಸಾಲ ತೀರಿತು ಅಂದುಕೊಂಡವರನ್ನೂ ಕಂಡಿದ್ದೇನೆ. ನಮ್ಮ ಕಾಲೇಜಿನ ಒಕ್ಕಲಿಗರ ಹುಡುಗ ಒಳ್ಳೆಯವನು, ಅವನಲ್ಲಿ ಕೆಟ್ಟದ್ದಿರಲಿಲ್ಲ. ಅವನಿಗೆ ತಮಟೆ ಸಂತೋಷದ ವಾದ್ಯ, ಯಾಕೆಂದರೆ ಅವನನ್ನು ಯಾರೂ ಸಾವಿನ ಮನೆಗೆ ಕರೆದಿರಲಿಲ್ಲ. ಆ ಸಂತೋಷದ ಎದುರಿಗೆ ನಮ್ಮ ಹುಡುಗನನ್ನು ನಿಲ್ಲಿಸಿ 'ಇಬ್ಬರೂ ಸಮಾನ' ಅಂತ ನಾನು ತಾಳ ಹಾಕಿದ್ದೆ.

ಇಲ್ಲಿ ಡಿ.ಆರ್. ನಾಗರಾಜರನ್ನು ನೆನೆಯದೆ ಇರಲಾಗದು. ನೇಕಾರರ ಮನೆಯಿಂದ ಬಂದ ಡಿ.ಆರ್. 1993ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ದಲಿತ ಚಳವಳಿಯ ಸಾಂಸ್ಕೃತಿಕ ಸ್ಮೃತಿಯ ಸಮಸ್ಯೆಯನ್ನು ಎತ್ತಿದರು. ಅವಮಾನಕ್ಕೆ ಅಂಟಿಕೊಂಡಿದೆ ಅನ್ನುವ ಕಾರಣಕ್ಕೆ ದೇವರು, ವಾದ್ಯ, ಹಾಡು ಎಲ್ಲವನ್ನೂ ಬಿಟ್ಟರೆ, ಬಿಟ್ಟವನ ಬಳಿ ಉಳಿಯುವ ಸ್ವಂತದ್ದು ಏನು ಅನ್ನುವುದು ಅವರ ಆತಂಕ. ನಿಜವಾದ ಆತಂಕವೇ. ಆದರೆ ತಮಟೆ ಮಡಗಿದ ಅಪ್ಪನ ಎದುರು ಈ ಮಾತನ್ನಿಟ್ಟು ನೋಡಿದೆ, ಒಂದು ಕೊರತೆ ಕಾಣಿಸಿತು. ಬಿಟ್ಟದ್ದೂ ಒಂದು ಸ್ಮೃತಿಯೇ. ನಾಲ್ಕು ತಿಂಗಳು ಅಂಗಡಿಯಲ್ಲಿ ಉಪ್ಪು ಹುಟ್ಟದೆ, ಪಕ್ಕದೂರಿಗೆ ನಡೆದುಹೋಗಿ ತಂದದ್ದು ಆ ಮನೆಯ ಕಥನಕಾವ್ಯ. ಅದನ್ನು ಹಾಡಿದವರಿಲ್ಲ. ನಮ್ಮ ಜಾನಪದ ವಿದ್ವಾಂಸರು ಬಾರಿಸುವ ಮಟ್ಟುಗಳನ್ನು ಸಂಗ್ರಹಿಸಿದರು. ಬಾರಿಸಲು ಒಲ್ಲೆ ಅಂದವರ ಮಾತನ್ನು ಟೇಪಿಗೆ ಹಾಕಿಕೊಂಡವರು ಎಷ್ಟು ಮಂದಿ?

ಮಹಾರಾಷ್ಟ್ರದ ಜಲಸಾಗಳ ಕಡೆ ನೋಡಿದರೆ ಈ ಗಂಟು ಸ್ವಲ್ಪ ಸಡಿಲವಾಗುತ್ತದೆ. ಫುಲೆ 1873ರಲ್ಲಿ ಸ್ಥಾಪಿಸಿದ ಸತ್ಯಶೋಧಕ ಸಮಾಜದ ಬೆನ್ನಿಗೆ ಸತ್ಯಶೋಧಕ ಜಲಸಾಗಳು ಬಂದವು, 1930ರ ದಶಕದಲ್ಲಿ ಅಂಬೇಡ್ಕರಿ ಜಲಸಾಗಳು ಬಂದವು. ಭೀಮರಾವ್ ಕರ್ಡಕರಂಥವರು ಮೇಳ ಕಟ್ಟಿ ಊರೂರು ತಿರುಗಿದರು. ಮೂಲ ತಮಾಷಾ. ತಮಾಷಾದ ಕಲಾವಿದರಲ್ಲಿ ಹೆಚ್ಚಿನವರು ಮಹಾರ್, ಮಾಂಗ್ ಜಾತಿಯವರು. ಅಲ್ಲಿಯೂ ಢೋಲಕಿಯ ಜೊತೆ ಹಲಗಿ ಇದೆ, ನಮ್ಮ ಹಲಗೆಯ ಒಡಹುಟ್ಟು. ಜಲಸಾದವರು ಆ ತಮಾಷಾವನ್ನು ಬಿಸಾಕಲಿಲ್ಲ. ಗಣಪತಿಸ್ತುತಿಯ ಜಾಗಕ್ಕೆ ಬೇರೆ ವಂದನೆ ತಂದರು. ಗೊಲ್ಲತಿಯರನ್ನು ಅಡ್ಡಗಟ್ಟಿ ಚೇಷ್ಟೆ ಮಾಡುವ ಗವಳಣ ಹಳೆಯ ರೂಪದಲ್ಲಿ ಉಳಿಯಲಿಲ್ಲ. ಮಾತು, ಹಾಸ್ಯ, ಸವಾಲು ಜವಾಬು ಉಳಿದವು. ಸತ್ತ ದನದ ಮಾಂಸ ಬಿಡಿ, ಊರಚಾಕರಿ ಬಿಡಿ ಅನ್ನುವುದನ್ನೇ ಹಾಡಾಗಿ ಹಾಡಿದರು. ಅಂದರೆ ಬಿಡುವುದಕ್ಕೂ ಒಂದು ಹಾಡು ಬೇಕಾಯಿತು! ಅದಕ್ಕಿಂತ ಮುಖ್ಯವಾದದ್ದು ಜಾಗ. ಪಾಟೀಲನ ವಾಡೆಯೆದುರು ಅಲ್ಲ, ತಮ್ಮ ಬಸ್ತಿಯಲ್ಲಿ, ಮುಂಬಯಿಯ ಚಾಳುಗಳಲ್ಲಿ ಜಲಸಾ ನಡೆಯಿತು. ಕರೆಸುವವರು ಬದಲಾದರು, ಕೂತು ಕೇಳುವವರು ಬದಲಾದರು. ಚಳವಳಿಯ ತಮಟೆ ಯಾಕೆ ಇಬ್ಬಂದಿತನವಲ್ಲ ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಇದು: ಸಾವಿನ ಮನೆಗೆ ಆಳು ಬಂದು ಕರೆಯುತ್ತಿದ್ದ, ಧರಣಿಗೆ ತಾವೇ ಬಂದರು. ಆ ಅಪ್ಪ 'ಮುಂದುಗಡೆ ಕೂತಿದ್ದೋರು ಯಾರು' ಅಂತ ಕೇಳಿದ್ದು ಇದನ್ನೇ. ನಾಟಕಶಾಸ್ತ್ರ ಓದಿದ ನನಗೆ ಹೊಳೆಯದ ಪ್ರೇಕ್ಷಕನ ಪ್ರಶ್ನೆ ಅವರಿಗೆ ಹೊಳೆದಿತ್ತು.

ಜಲಸಾದ ಬಗ್ಗೆ ಭಾವುಕರಾಗಬೇಕಾಗಿಲ್ಲ. ಹೆಣ್ಣಿನ ಪಾತ್ರವನ್ನು ಗಂಡಸರೇ ಹಾಕುತ್ತಿದ್ದರು. ಹಾಡುಗಾರನಿಗೆ ಚಳವಳಿ ಕೊಟ್ಟ ಗೌರವದ ಕಥೆಯೂ ಎಲ್ಲ ಕಡೆ ಸುಖದ್ದಲ್ಲ. 1997ರ ಜುಲೈ 11ರಂದು ಮುಂಬಯಿಯ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಆದ ಅವಮಾನದ ವಿರುದ್ಧ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 10 ಮಂದಿ ಸತ್ತರು. ಅದಾದ ಕೆಲವೇ ದಿನಕ್ಕೆ ಶಾಹೀರ್ ವಿಲಾಸ್ ಘೋಗ್ರೆ ನೇಣು ಹಾಕಿಕೊಂಡರು. ಎಡಪಂಥೀಯ ಹಾಡುಗಾರ, ಸಾಯುವಾಗ ತಲೆಗೆ ನೀಲಿ ಪಟ್ಟಿ ಕಟ್ಟಿಕೊಂಡಿದ್ದರು. ಆನಂದ್ ಪಟವರ್ಧನ್ ಅವರ 2011ರ 'ಜೈ ಭೀಮ್ ಕಾಮ್ರೇಡ್' ಚಿತ್ರ ಶುರುವಾಗುವುದು ಈ ಸಾವಿನಿಂದಲೇ. ಜೀವಮಾನವೆಲ್ಲ 'ನಾವು' ಅಂತ ಹಾಡಿದವನು ಕೊನೆಗೆ ಒಬ್ಬನೇ ಆಗಿಬಿಟ್ಟದ್ದನ್ನು ನಮ್ಮ ಮೇಳಗಳು ಮರೆಯಬಾರದು.

ನಮ್ಮಲ್ಲೇ ಹಳೆಯದೊಂದು ಮೇಳ ಇದೆ. ಮಂಟೇಸ್ವಾಮಿಯ ನೀಲಗಾರರದು. ಕೈಯಲ್ಲಿ ತಂಬೂರಿ, ಗಗ್ಗರ, ತಾಳ, ಡಕ್ಕೆ. ಮುಂದಾಳು ಹೇಳುತ್ತಾನೆ, ಹಿಮ್ಮೇಳ ಹಿಡಿದುಕೊಳ್ಳುತ್ತದೆ. ಕೊಳಕು ಮೈಯಿನ, ನಾತ ಹೊಡೆಯುವ ರೂಪದಲ್ಲಿ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೇ ಬಂದು, ಶುದ್ಧರಾದ ಜಂಗಮರ ದೊಡ್ಡ ದಂಡನ್ನು ಪರೀಕ್ಷೆಗೆ ಒಡ್ಡುವ ಭಾಗ ನಾಟಕಕ್ಕೆ ನಾಟಕ, ವಿಮರ್ಶೆಗೆ ವಿಮರ್ಶೆ. ಸಮಾನತೆಯ ಊರಿನಲ್ಲೂ ಬಾಗಿಲ ಬಳಿ ತಡೆಯಲ್ಪಟ್ಟವನ ಕಥೆ ಅದು. ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ' ಅದನ್ನು ಆಧುನಿಕ ರಂಗಕ್ಕೆ ತಂದದ್ದು ದೊಡ್ಡ ಕೆಲಸ. ಆದರೂ ನೀಲಗಾರರು ಹಾಡುವಾಗ ಇರುವ ಒಂದು ಸಂಗತಿ ರಂಗಮಂದಿರದಲ್ಲಿ ಇಲ್ಲ. ನೀಲಗಾರ ಹಾಡು ನಿಲ್ಲಿಸಿ ಬೀಡಿ ಸೇದುತ್ತಾನೆ, ಕೇಳುತ್ತಿರುವ ಮುದುಕಿ ಮರೆತ ಸಾಲನ್ನು ಜ್ಞಾಪಿಸುತ್ತಾಳೆ, ಯಾರೋ ನಡುವೆ ಗದರುತ್ತಾರೆ. ಕೇಳುವವರೂ ಕಥೆಯ ಒಡೆಯರು. ನಮ್ಮ ನಾಟಕಗಳು ಇದರಿಂದ ಮಟ್ಟು ತೆಗೆದುಕೊಂಡವು, ಈ ಒಡೆತನವನ್ನು ತೆಗೆದುಕೊಳ್ಳಲಿಲ್ಲ.

ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರೊಂದಿಗೆ ಕಟ್ಟಿದ 'ಆದಿಮ'ದ ಹುಣ್ಣಿಮೆ ಹಾಡು ಈ ದೃಷ್ಟಿಯಿಂದ ನನಗೆ ಮುಖ್ಯ. ದಲಿತ ಚಳವಳಿಯ ಹಾಡುಗಳನ್ನು ಕಟ್ಟಿ ಹಾಡಿದ ಜಿಲ್ಲೆ ಅದು, ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅವರ ಗಂಟಲು ಅಲ್ಲಿಯದು. ಹಾಡಿಗೆ ದಿನ ಗೊತ್ತುಮಾಡುವುದು ಸಚಿವರ ಪ್ರವಾಸಪಟ್ಟಿ ಅಲ್ಲ, ಚಂದ್ರ. ಜನ ಬೆಟ್ಟ ಹತ್ತಿ ಬರಬೇಕು. ಊರು ಕೇರಿಯನ್ನು ಕರೆಸಿಕೊಳ್ಳುತ್ತಿದ್ದ ದಾರಿ ಇಲ್ಲಿ ತಿರುಗಿದೆ.

ಹೆಂಗಸರ ವಿಚಾರವನ್ನು ಕೊನೆಗೆ ತಳ್ಳಿದೆ ಅನ್ನಿಸಬಹುದು. ತಳ್ಳಿದ್ದಲ್ಲ, ಜಗಳ ನನ್ನನ್ನು ಅಲ್ಲಿಗೇ ತಂದು ನಿಲ್ಲಿಸಿತು. ಸಿ.ಜಿ.ಕೆ. ನಿರ್ದೇಶನದಲ್ಲಿ ದೇವನೂರರ 'ಒಡಲಾಳ' ರಂಗಕ್ಕೆ ಬಂದಾಗ ಉಮಾಶ್ರೀಯವರ ಸಾಕವ್ವನನ್ನು ನೋಡಿದವರು ಇವತ್ತಿಗೂ ಮಾತಾಡುತ್ತಾರೆ. ಕದ್ದು ತಂದ ಕಡಲೆಕಾಯನ್ನು ಇಡೀ ಸಂಸಾರ ರಾತ್ರಿಯೆಲ್ಲ ಕೂತು ತಿಂದು ಮುಗಿಸುವ ಭಾಗ ಇದೆಯಲ್ಲ, ಕನ್ನಡದ ಅತಿ ದೊಡ್ಡ ಮೇಳದ ದೃಶ್ಯ ನನ್ನ ಮಟ್ಟಿಗೆ ಅದೇ. ಅಲ್ಲಿ ಹಾಡಿಲ್ಲ, ಕಾಯಿ ಒಡೆಯುವ ಸದ್ದೇ ತಾಳ. ಒಂದು ರಾತ್ರಿಯ ಮಟ್ಟಿಗೆ ಹೊಟ್ಟೆ ತುಂಬಿದ ಬಿಡುಗಡೆ. ಆ ಮನೆಯನ್ನು ಹಿಡಿದು ನಿಲ್ಲಿಸಿದವಳು ಮುದುಕಿ. ಆದರೆ ನಮ್ಮ ಜಾಥಾಗಳ ಮೇಳದಲ್ಲಿ ಸಾಕವ್ವನ ಮೊಮ್ಮಕ್ಕಳಲ್ಲಿ ಹೆಣ್ಣುಮಕ್ಕಳು ಎಲ್ಲಿ? ದು. ಸರಸ್ವತಿಯವರು 'ಸಣ್ತಿಮ್ಮಿ ರಾಮಾಯಣ'ವನ್ನು ಒಬ್ಬರೇ ನಿಂತು ಆಡಿದ್ದನ್ನು ನಾನು ಮೇಳಕ್ಕೆ ಬೆನ್ನು ತಿರುಗಿಸಿದ್ದು ಅಂತ ಓದುವುದಿಲ್ಲ. ಮೇಳದೊಳಗೆ ತನ್ನ ಮಟ್ಟಿಗೆ ಜಾಗ ಸಿಗದಾಗ ಒಬ್ಬಳೇ ಮೇಳವಾಗುವ ಬಗೆ ಅದು. ಸಮುದಾಯದ ಜೊತೆಗಿನ ಬಿಡುಗಡೆ ಒಂದು, ಸಮುದಾಯದೊಳಗಿನ ಬಿಡುಗಡೆ ಇನ್ನೊಂದು. ಮೊದಲನೆಯದು ಸಿಕ್ಕರೆ ಎರಡನೆಯದು ತಾನಾಗಿ ಬರುತ್ತದೆ ಅಂತ ಗಂಡಸರು ಹಾಡಿದ್ದೇವೆ.

2023ರಲ್ಲಿ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಸಂತೋಷಪಟ್ಟೆ. ಅದನ್ನು ಹಿಡಿದುಕೊಂಡು ಆ ಹುಡುಗನ ಅಪ್ಪನ ಹತ್ತಿರ ಹೋಗಿ ವಾದ ಮಾಡೋಣ ಅನ್ನಿಸಿತು, ಹೋಗಲಿಲ್ಲ. ಬಾರಿಸಿ ಗೆದ್ದವರ ಗೌರವವೂ ಮಡಗಿ ಗೆದ್ದವರ ಗೌರವವೂ ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಒಂದನ್ನು ತೋರಿಸಿ ಇನ್ನೊಂದರ ಬಾಯಿ ಮುಚ್ಚಿಸುವುದು ಮಾತ್ರ ಸರಿಯಲ್ಲ, ನಾನು ಮಾಡಿದ್ದು ಅದನ್ನೇ.

ಕಳೆದ ವರ್ಷ ಆ ನಾಟಕವನ್ನು ತಮಟೆ ಇಲ್ಲದೆ ಆಡಿದೆವು. ಹುಡುಗನೇ ಮಧ್ಯೆ ಬಂದು ತನ್ನ ಅಪ್ಪ ತಮಟೆ ಮಡಗಿದ ಕಥೆಯನ್ನು ಹೇಳಿದ, ಮೇಳ ಚಪ್ಪಾಳೆಯಲ್ಲಿ ತಾಳ ಹಿಡಿಯಿತು. ನಾಟಕ ಸೊರಗಿತು ಅಂತ ಕೆಲವರು ಅಂದರು, ನಿಜ ಇರಬಹುದು. ಅಪ್ಪ ಬಂದಿದ್ದರು, ಏನೂ ಹೇಳಲಿಲ್ಲ. ಈ ವರ್ಷ ತಾಲೀಮಿಗೆ ಮುಂಚೆಯೇ ಇನ್ನೊಂದು ತಕರಾರು ಬಂದಿದೆ. ಮೇಳದಲ್ಲಿ ಅದೇ ಕೇರಿಯ ಹುಡುಗಿಯೊಬ್ಬಳಿದ್ದಾಳೆ. 'ಸಾರ್, ಬಿಟ್ಟೋರು ಗಂಡಸರು. ನಮ್ಮ ಕೈಗೆ ಅದನ್ನ ಯಾವತ್ತೂ ಕೊಟ್ಟೇ ಇರಲಿಲ್ಲ. ನಾನು ಬಾರಿಸಬೇಕು' ಅಂತ ಪಟ್ಟು ಹಿಡಿದಿದ್ದಾಳೆ. ಹುಡುಗ ಬೇಡ ಅನ್ನುತ್ತಾನೆ. ಅವಳು, 'ನಿಮ್ಮಪ್ಪನ್ನ ನಾನೇ ಕೇಳ್ತೀನಿ, ನೀನು ಸುಮ್ನಿರು' ಅಂದಿದ್ದಾಳೆ. ಭಾನುವಾರ ಇಬ್ಬರೂ ಊರಿಗೆ ಹೋಗುತ್ತಾರಂತೆ. ನಾನು ಬರಬೇಕಾಗಿಲ್ಲ ಅಂತಲೂ ಹೇಳಿದ್ದಾರೆ.